ಕ್ಲಚ್ ತಂತಿಯ ಗಂಟು

ಕಟೂಸಿ ಎಂಬ ಹೆಣ್ಣು ಚಿಂಪಾಂಜಿಯ ಹಿಂದೆ ಅವಳ ಮಗಳು ಎಡಗೈ ನೆಲಕ್ಕೂರದೆ ಕುಂಟುತ್ತಾ ಬಂದಳು. ಮಣಿಕಟ್ಟಿಗೆ ಉರುಲು ಬಿಗಿದಿತ್ತು. ಹರಿದ ತುದಿ ತರಗೆಲೆಗಳ ಮೇಲೆ ಎಳೆದುಕೊಂಡು ಬರುತ್ತಿತ್ತು. ಬುಡೊಂಗೊ ಕಾಡಿನಲ್ಲಿ ಹನ್ನೊಂದು ವರ್ಷದಿಂದ ಚಿಂಪಾಂಜಿಗಳ ಹೆಜ್ಜೆ ಹಿಡಿದು ಅಲೆಯುತ್ತಿದ್ದ ಟಿಬೆಂಡ ದುರ್ಬೀನು ಕಣ್ಣಿಗಿಟ್ಟ. ಬೈಕಿನ ಕ್ಲಚ್ ತಂತಿ. ಎರಡು ಸುತ್ತು ಹಾಕಿ ಒಳಕ್ಕೆ ಮಡಚಿದ ಗಂಟು. ಊರಲ್ಲಿ ಹಾಗೆ ಗಂಟು ಹಾಕುವವನು ಒಬ್ಬನೇ, ಟಿಬೆಂಡನ ಅಣ್ಣ.

ಸಂಜೆ ಅಣ್ಣ ಅಂಗಳದಲ್ಲಿ ಮರಗೆಣಸು ಸುಲಿಯುತ್ತಿದ್ದ. ಮನೆಮಂದಿಯೆಲ್ಲ ಅವನನ್ನು ಅಕ್ಕರೆಯಿಂದ ಕರೆಯುವುದು ಅರಾಲಿ ಎಂದು. ಟಿಬೆಂಡ ಅವತ್ತು ಹಾಗೆ ಕರೆಯಲಿಲ್ಲ.

“ಇಸಿಂಗೋಮ, ಉರುಲು ಹಾಕಿದ್ದೀಯಾ?”

ಚಾಕು ನಿಂತಿತು. “ಏನೋ ಇದು, ಪೊಲೀಸಿನವನ ಥರ ಹೆಸರು ಹಿಡಿದು ಕೂಗ್ತೀಯ?”

“ಕಟೂಸಿಯ ಮಗಳ ಕೈಗೆ ಬಿಗಿದಿದೆ.”

“ನಾನು ಹಾಕಿದ್ದು ಜಿಂಕೆಗೆ. ಮಕ್ಕಳು ಮಾಂಸದ ಮುಖ ನೋಡಿ ಎಷ್ಟು ದಿನ ಆಯ್ತು ಗೊತ್ತಾ? ನಿನಗೇನು, ನಮಗಿಂತ ಆ ಮಂಗಗಳೇ ಹತ್ತಿರದ ನೆಂಟರು.”

“ನಾಳೆ ಬಂದು ನೋಡು. ಆಮೇಲೆ ಬೇಕಾದಷ್ಟು ಬಯ್ಯಿ.”

ಬೆಳಿಗ್ಗೆ ಇಬ್ಬರೂ ಅತ್ತಿಮರದ ಎದುರಿನ ಪೊದೆಯ ಮರೆಯಲ್ಲಿ ಕೂತರು. ಕಟೂಸಿ ಮಗಳ ಕೈಯನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ಊದಿದ ಜಾಗವನ್ನು ನೆಕ್ಕಿದಳು. ತಂತಿಯ ತುದಿಯನ್ನು ಹಲ್ಲಿನಿಂದ ಕಚ್ಚಿ ಎಳೆದಳು. ಮಗಳು ಚೀರಿದಳು. ತಾಯಿ ತಟ್ಟನೆ ಬಿಟ್ಟು, ಅವಳ ಬೆನ್ನಿನ ಕೂದಲು ಬಿಡಿಸುತ್ತಾ ಅಳು ನಿಲ್ಲುವವರೆಗೆ ಕಾದಳು. ಮತ್ತೆ ಎಳೆದಳು.

“ಆ ಕಡೆ ಅಲ್ಲ,” ಇಸಿಂಗೋಮ ಪಿಸುಗುಟ್ಟಿದ. “ಆ ತುದಿ ಎಳೆದಷ್ಟೂ ಬಿಗಿಯುತ್ತೆ. ಒಳಗಿನ ಮಡಿಕೆ ಹಿಂದಕ್ಕೆ ತಳ್ಳಬೇಕು.” ಅವನ ಬೆರಳುಗಳು ಗಾಳಿಯಲ್ಲೇ ಗಂಟು ಬಿಚ್ಚುತ್ತಿದ್ದವು. “ನಾನೇ ಹೋಗಿ ಬಿಚ್ಚಲೇನೋ?”

“ಹತ್ತಿರ ಹೋದರೆ ನಿನ್ನ ಕೈ ಉಳಿಯಲ್ಲ. ಕೂತ್ಕೋ.”

ಮಧ್ಯಾಹ್ನದವರೆಗೂ ಕೂತ. ಕಟೂಸಿ ಎಳೆಯುತ್ತಲೇ ಇದ್ದಳು. ಮನೆಗೆ ಹೋಗುವಾಗ ಅವನು ತಮ್ಮನನ್ನು ಬಯ್ಯಲಿಲ್ಲ.

ಮೂರನೆಯ ದಿನ ಪಟ್ಟಣದಿಂದ ಪಶುವೈದ್ಯೆ ಬಂದು ತಾಯಿ ಮಗಳಿಬ್ಬರಿಗೂ ಮತ್ತಿನ ಸೂಜಿ ಹೊಡೆದರು. ತಂತಿ ಮಾಂಸದೊಳಗೆ ಹೂತಿತ್ತು. ಕತ್ತರಿ ತೂರಿಸಲು ಜಾಗವಿರಲಿಲ್ಲ. ಕಾಡಿನ ಕಾವಲಿನವರ ಹಿಂದೆ ನಿಂತಿದ್ದ ಇಸಿಂಗೋಮ ಮುಂದೆ ಬಂದ.

“ತಡೀರಿ ಅಮ್ಮ. ಅದು ನಾನು ಹಾಕಿದ ಗಂಟು.”

ಪಶುವೈದ್ಯೆ ಪಕ್ಕಕ್ಕೆ ಸರಿದು ಜಾಗ ಬಿಟ್ಟರು. ಅವನು ಮೊಣಕಾಲೂರಿ, ಉಸಿರು ಬಿಗಿಹಿಡಿದು, ಉಗುರಿನಿಂದ ಮಡಿಕೆಯನ್ನು ಹಿಂದಕ್ಕೆ ತಳ್ಳಿದ. ಉರುಲು ಸಡಿಲವಾಯಿತು. ಕಟೂಸಿಯ ಮಗಳ ಕೈ ಉಳಿಯಿತು, ಎರಡು ಬೆರಳು ಮಾತ್ರ ಮತ್ತೆ ಮಡಚಲು ಬರಲಿಲ್ಲ.

ಅದೇ ಮಧ್ಯಾಹ್ನ ಅಣ್ಣತಮ್ಮಂದಿರು ಉಳಿದ ಉರುಲುಗಳನ್ನು ಕೀಳಲು ಕಾಡಿಗೆ ಹೊರಟರು. ಟಿಬೆಂಡ ಅಭ್ಯಾಸಬಲದಿಂದ ಮುಂದೆ ನಡೆದ. ಅಣ್ಣ ಭುಜ ಹಿಡಿದು ಹಿಂದಕ್ಕೆ ಸರಿಸಿದ.

“ನನ್ನ ಹಿಂದೆ ಬಾ. ನಾನು ಕಾಲಿಟ್ಟಲ್ಲೇ ನೀನೂ ಇಡು.”