ಉಗುರಿನ ಮೇಲಿನ ಗೆರೆ

ಎಡಗಾಲಿನ ಹೆಬ್ಬೆರಳ ಉಗುರಿನ ಗೆರೆ ಮುಂದಕ್ಕೆ ಬಂದಿತ್ತು. ಕ್ಷೌರದಂಗಡಿಯವನು ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದ. ಹೌದು, ಬುಡದಿಂದ ಅರ್ಧ ಅಕ್ಕಿಕಾಳಿನಷ್ಟು.

ಮೂರು ತಿಂಗಳ ಹಿಂದೆ, ಅಂಗಡಿಯ ಅರದಿಂದ ಆ ಗೆರೆ ಕೊರೆದವನು ಅವನೇ. ಯಾರಿಗೂ ಹೇಳಿರಲಿಲ್ಲ. ಬೀಡಿ ಸೇದಿ ಸೇದಿ ಆ ಕಾಲಿನ ರಕ್ತನಾಳಗಳು ಮುಚ್ಚಿ, ಕಿರುಬೆರಳು ಹುಣ್ಣಾಗಿತ್ತು. ಕಾಲನ್ನು ಮೊಣಕಾಲಿನ ಕೆಳಗೆ ತೆಗೆಯಬೇಕಾದೀತು ಎಂದಿದ್ದರು ಡಾಕ್ಟರು. ನಿಂತು ಮಾಡುವ ಕಸುಬು. ಕಾಲು ಹೋದರೆ ಅದೂ ಹೋದಂತೆಯೇ. ಕೊನೆಯ ಪ್ರಯತ್ನವೆಂದು ಅವನ ಸೊಂಟದ ಮೂಳೆಯಿಂದಲೇ ಮಜ್ಜೆ ತೆಗೆದು, ಅದರೊಳಗಿನ ಕಾಂಡಕೋಶಗಳನ್ನು ಮೀನಖಂಡಕ್ಕೆ ಚುಚ್ಚಿದ್ದರು. ಅಲ್ಲಿ ಹೊಸ ನಾಳ ಚಿಗುರಬಹುದಂತೆ! ಕತ್ತರಿಸಿದ ಕೂದಲನ್ನೇ ತಿರುಗಿ ತಲೆಗೆ ಅಂಟಿಸಿದ ಹಾಗಾಯಿತು ಎಂದು ಅವನು ಗೊಣಗಿದ್ದ.

ಕಾಲಿಗೆ ಮೊದಲಿನ ಬಣ್ಣ ಮರಳಿದೆ ಎಂದು ಡಾಕ್ಟರು ಹೇಳಿದರೆ, ಹೆತ್ತವರಿಗೆ ಹೆಗ್ಗಣ ಮುದ್ದು ಎಂದುಕೊಳ್ಳುವನು. ಬೆಚ್ಚಗಿದೆ ಎಂದು ಹೆಂಡತಿ ಹೇಳಿದರೆ, ತಣ್ಣೀರಲ್ಲಿ ಪಾತ್ರೆ ತೊಳೆದ ಕೈಗೆ ಏನು ಮುಟ್ಟಿದರೂ ಬೆಚ್ಚಗೇ ಎನ್ನುವನು. ಉಗುರಿಗೆ ಮಾತ್ರ ಯಾರನ್ನೂ ಸಮಾಧಾನ ಮಾಡುವ ಹಂಗಿಲ್ಲ. ರಕ್ತ ಹರಿದರೆ ಬೆಳೆಯುತ್ತದೆ, ಇಲ್ಲದಿದ್ದರೆ ಇಲ್ಲ. ಬೆಳೆಯದ ಕಾರಣ ಆ ಕಾಲಿನ ಉಗುರು ಕತ್ತರಿಸಿ ವರ್ಷದ ಮೇಲಾಗಿತ್ತು. ಅದಕ್ಕೇ, ಮಜ್ಜೆ ಚುಚ್ಚಿಸಿಕೊಂಡ ದಿನವೇ ಅದರ ಬುಡದಲ್ಲಿ ಗೆರೆ ಕೊರೆದಿದ್ದ.

ಕಾಲು ಉಳಿಸುವುದೋ ತೆಗೆಯುವುದೋ ಎಂದು ಡಾಕ್ಟರು ಹೇಳಬೇಕಾಗಿದ್ದುದು ಇವತ್ತೇ. ಅವನು ಕುಣಿದಾಡಬೇಕಿತ್ತು. ಆದರೆ ತಲೆಗೆ ಹುಳ ಹೊಕ್ಕಿತು. ದಿನಾ ಹುಣ್ಣಿಗೆ ಕಟ್ಟು ಹಾಕುವವಳು ಹೆಂಡತಿ. ಹುಣ್ಣು ನೋಡಲಾರದೆ ಅವನು ಆಗೆಲ್ಲ ಗೋಡೆಯ ಕಡೆ ತಿರುಗಿರುತ್ತಾನೆ. ಆ ಹೊತ್ತಿನಲ್ಲಿ ಹಳೆಯ ಗೆರೆ ಉಜ್ಜಿ ಅಳಿಸಿ, ಮುಂದೊಂದು ಹೊಸ ಗೆರೆ ಎಳೆಯುವುದು ಎಷ್ಟರ ಕೆಲಸ?

ಹೊಸ ಬ್ಯಾಂಡೇಜು ಹಿಡಿದು ಬಂದವಳನ್ನು ಅವನು ನೇರವಾಗಿಯೇ ಕೇಳಿದ. "ಈ ಗೆರೆ ತಿದ್ದಿದ್ದು ನೀನೇ ತಾನೆ, ನನ್ನ ಸಮಾಧಾನಕ್ಕೆ?"

ಅವಳು ಬಗ್ಗಿ ಉಗುರನ್ನು ನೋಡಿದಳು. ಗೆರೆಯ ಮೇಲೆ ಬೆರಳಾಡಿಸಿದ ಮೇಲೆ ಅವಳಿಗೆ ಅರ್ಥವಾಯಿತು.

"ಅಂದ್ರೆ ಮೂರು ತಿಂಗಳಿಂದ ನನ್ನ ಮಾತು ನಂಬಿಲ್ಲ ಅನ್ನಿ."

"ನಂಬೋಕೆ ಭಯ ಕಣೆ."

ಅವಳು ಕಟ್ಟು ಬಿಚ್ಚತೊಡಗಿದಳು. ಅವನು ಅಭ್ಯಾಸಬಲದಿಂದ ಗೋಡೆಯ ಕಡೆ ತಿರುಗಿದ.

"ಇವತ್ತೊಂದಿನ ಇಲ್ಲಿ ನೋಡಿ," ಎಂದಳು. "ನಾನೂ ಆ ಡಾಕ್ಟರನ್ನ ನಂಬಿರ್ಲಿಲ್ಲ. ಉಗುರು ಬೆಳೀದೆ ಹೋದ್ರೆ ನಿಮಗೆ ಗೊತ್ತಾಗೋದು ಬೇಡ ಅಂತ ಸುಮ್ನಿದ್ದೆ."

ಅವನು ಹಲ್ಲು ಕಚ್ಚಿ ಕಣ್ಣು ಹೊರಳಿಸಿದ. ಹುಣ್ಣಿನ ಪಕ್ಕದ ಬೆರಳು, ಇಷ್ಟು ದಿನ ಕಟ್ಟಿನೊಳಗೇ ಇದ್ದದ್ದು. ಅದರ ಪುಟ್ಟ ಉಗುರಿನ ಮೇಲೆ ನೇಲ್ ಪಾಲಿಶಿನ ಒಂದು ಕೆಂಪು ಚುಕ್ಕಿ, ಹಳೆಯದು, ಅಂಚೆಲ್ಲ ಸುಲಿದದ್ದು. ಹೆಬ್ಬೆರಳ ಗೆರೆಯಷ್ಟೇ ದೂರ ಅದೂ ಬುಡ ಬಿಟ್ಟು ನಡೆದುಬಂದಿತ್ತು.