ಮುಂದಕ್ಕೆ ಅಂಟಿಸಿದ ಸೀಟು

"ಒಂದೇ ಒಂದು ತಪ್ಪಿತ್ತು, ಅದನ್ನೂ ಸರಿ ಮಾಡಿಬಿಟ್ಟೆ," ಎನ್ನುತ್ತ ರಿಪೇರಿಯವರು ಹಸಿರು ಕಾರನ್ನು ಅಕ್ಕನ ಮುಂದಿಟ್ಟರು. ಅಂಗೈಗಿಂತ ತುಸು ಉದ್ದದ ಪ್ಲಾಸ್ಟಿಕ್ ಕಾರು. ಬಿಡಿಭಾಗ ತಂದು ಮನೆಯಲ್ಲೇ ಜೋಡಿಸುವ ಹಳೆಯ ಕಿಟ್ ಕಾರುಗಳನ್ನು ಬಿಚ್ಚಿ, ತೊಳೆದು, ಮತ್ತೆ ಜೋಡಿಸುವುದೇ ಅವರ ಕಸುಬು. ಹಣೆಗೆ ಕಟ್ಟಿಕೊಂಡ ದಪ್ಪ ಮಸೂರದಿಂದಾಗಿ ಊರೆಲ್ಲ ಅವರನ್ನು ಭೂತಗನ್ನಡಿ ಎಂದೇ ಕರೆಯುತ್ತಿತ್ತು. ಈ ಕಾರನ್ನು ಜೋಡಿಸಿದ್ದ ಅಪ್ಪ ಹೋದ ತಿಂಗಳು ತೀರಿಕೊಂಡಿದ್ದ. ಅವನ ನೆನಪಿಗೆ ತಮ್ಮನಿಗೊಂದು ವಸ್ತು ಇರಲಿ ಎಂದು ಅಕ್ಕ ಅದನ್ನು ರಿಪೇರಿಗೆ ಕೊಟ್ಟಿದ್ದಳು. ತಮ್ಮ ಅಂಗಡಿಯ ಬಾಗಿಲಲ್ಲೇ ನಿಂತಿದ್ದ, ಒಳಗೆ ಕಾಲಿಟ್ಟರೆ ಒಪ್ಪಿಕೊಂಡಂತಾಗುತ್ತದೆ ಎನ್ನುವ ಹಾಗೆ.

"ಬೇಡ ಅಂದೆನಲ್ಲ. ಅಮ್ಮನ್ನ ಕೊಂದ ಕಾರನ್ನ ಷೋಕೇಸಲ್ಲಿ ಇಟ್ಕೊಂಡು ದಿನಾ ನೋಡ್ಲಾ?"

"ಆ ಕಾರು ಗುಜರಿಗೆ ಹೋಯ್ತು. ಇದು ಆಟದ ಸಾಮಾನು. ಮೆಲ್ಲಗೆ ಮಾತಾಡು."

"ಅದೇ ಬಣ್ಣ, ಅದೇ ಮಾಡೆಲ್ಲು. ಆಕ್ಸಿಡೆಂಟ್ ಆದ್ಮೇಲೆ ಕೂತ್ಕೊಂಡು ಮಾಡಿದಾನೆ ಮಹಾನುಭಾವ!"

"ಮೊದಲು ಕೆಲಸ ನೋಡಿ, ಜಗಳ ಆಮೇಲೆ ಆಡ್ಕೊಳ್ಳಿ," ಭೂತಗನ್ನಡಿ ನಡುವೆ ಬಾಯಿ ಹಾಕಿದರು. ತಳದ ಸ್ಕ್ರೂ ತಿರುಗಿಸಿ, ಕಾರಿನ ಮೈಯನ್ನು ಟೋಪಿಯಂತೆ ಎತ್ತಿ ಪಕ್ಕಕ್ಕಿಟ್ಟರು. "ನಿಮ್ಮಪ್ಪನ ಕೈ ಬಂಗಾರ. ಒಂದು ಕಡೇನೂ ಅಂಟು ಚೆಲ್ಲಿಲ್ಲ. ಅಂಥವರು ಡ್ರೈವರ್ ಸೀಟಲ್ಲಿ ಎಡವಿದ್ರು ನೋಡಿ. ಸೀಟಿನ ಅಡೀಲಿ ಎರಡು ಪ್ಲಾಸ್ಟಿಕ್ ಮೊಳೆ ಇರ್ತವೆ, ನೆಲದಲ್ಲಿ ಎರಡು ತೂತು. ಕಣ್ಣು ಮುಚ್ಚಿಕೊಂಡು ಕೂರಿಸಬಹುದು. ಇವರ ಸೀಟಿಗೆ ಮೊಳೇನೇ ಇರಲಿಲ್ಲ. ಮುಂದಕ್ಕೆ ತಳ್ಳಿ, ಸ್ಟೀರಿಂಗ್‌ಗೆ ಒತ್ತಿ ಅಂಟಿಸಿದ್ರು. ಅಲ್ಲಿ ಯಾರಿಗೆ ರೀ ಕೂರೋಕಾಗತ್ತೆ? ಕಿತ್ತು, ಹೊಸ ಮೊಳೆ ಕೊಟ್ಟು, ಹಿಂದಕ್ಕೆ ಹಾಕಿದೀನಿ. ಕಿಟ್ ಡಬ್ಬಿ ಮೇಲಿನ ಚಿತ್ರದಲ್ಲಿ ಇರೋ ಹಾಗೆ."

ಹೊಗಳಿಕೆಗೆ ಕಾದ ಅವರಿಗೆ ಅಕ್ಕನ ಮುಖ ಅರ್ಥವಾಗಲಿಲ್ಲ.

"ಅಪ್ಪ ತಪ್ಪಿ ಹಾಗೆ ಅಂಟಿಸೋ ಮನುಷ್ಯ ಅಲ್ಲ," ಎಂದಳು ಮೆಲ್ಲಗೆ. "ಅವನ ಕಾಲು ಉದ್ದ. ಸೀಟು ಪೂರ್ತಿ ಹಿಂದಕ್ಕೆ ತಳ್ಳದೆ ಯಾವತ್ತೂ ಕೂತವನಲ್ಲ."

"ಅದಕ್ಕೇನೀಗ?" ತಮ್ಮ ತನಗರಿವಿಲ್ಲದೆ ಒಳಗೆ ಬಂದಿದ್ದ.

"ಆಕ್ಸಿಡೆಂಟ್ ಆದ ಬೇಸಿಗೇಲಿ ಅಮ್ಮ ಡ್ರೈವಿಂಗ್ ಕಲೀತಿದ್ದಳು. ನೀನು ಚಿಕ್ಕವನು, ನೆನಪಿರಲ್ಲ. ಅಮ್ಮ ಗಿಡ್ಡ. ಅವಳು ಕೂತಾಗಲೆಲ್ಲ ಸೀಟು ಹೀಗೇ ಮುಂದಕ್ಕೆ. ಮೂಗಲ್ಲೇ ಸ್ಟೀರಿಂಗ್ ತಿರುಗಿಸ್ತಾಳೆ ಅಂತ ಅಪ್ಪ ರೇಗಿಸೋನು."

ಆಕ್ಸಿಡೆಂಟ್ ಆದಾಗ ಕಾರು ಓಡಿಸುತ್ತಿದ್ದವನು ತಾನೇ ಎಂದು ಅಪ್ಪ ಪೊಲೀಸರಿಗೆ ಹೇಳಿದ್ದ, ನೆಂಟರಿಗೂ ಹೇಳಿದ್ದ. ಬೆಳೆದ ಮಗ "ಅಮ್ಮನ್ನ ಕೊಂದವನು ನೀನೇ" ಎಂದು ಮುಖದ ಮೇಲೆ ಹೇಳಿದಾಗಲೂ ಅಲ್ಲ ಎನ್ನಲಿಲ್ಲ. ಅವತ್ತು ಮಾತು ಬಿಟ್ಟ ಮಗ ಹೆಣದ ಮುಂದೆಯೂ ತುಟಿ ಬಿಚ್ಚಿರಲಿಲ್ಲ.

"ಸರ್, ಆ ಮೊಳೆಗಳನ್ನ ಅಪ್ಪ ಕತ್ತರಿಸಿದ್ನಾ, ಇಲ್ಲಾ ತಾವಾಗೇ ಮುರಿದಿದ್ವಾ?" ತಮ್ಮ ಕೇಳಿದ.

"ಯಾಕೆ?"

"ಕತ್ತರಿಸಿದ್ರೆ ಬೇಕಂತಲೇ ಮುಂದೆ ಅಂಟಿಸಿದಾನೆ ಅಂತ ಅರ್ಥ. ಮುರಿದಿದ್ರೆ ಕೂತ ಕಡೆ ಅಂಟಿಸಿದಾನೆ, ಅಷ್ಟೇ."

ಭೂತಗನ್ನಡಿ ಮಸೂರವನ್ನು ಹಣೆಗೇರಿಸಿದರು. ಬರಿಗಣ್ಣು ಚಿಕ್ಕದಾಗಿ, ಪೆಚ್ಚಾಗಿ ಕಂಡಿತು. "ಮುರಿದಿರಲೂಬಹುದು. ಹಳೇ ಪ್ಲಾಸ್ಟಿಕ್ಕು, ಮುಟ್ಟಿದ್ರೆ ಮುರಿಯತ್ತೆ. ನಾನು ಅದನ್ನ ನೋಡ್ಲಿಲ್ಲ. ತಪ್ಪು ಅಂದ್ಕೊಂಡೆನಲ್ಲ, ಮೊಳೆ ಬುಡಾನ ಉಜ್ಜಿ ನುಣ್ಣಗೆ ಮಾಡಿಬಿಟ್ಟೆ."

"ಅಂಟಿನ ಗುರುತು?"

"ಅದನ್ನೂ ಕೆರೆದು ಬಣ್ಣ ಬಳಿದಿದೀನಿ."

"ಅಷ್ಟು ಚೆನ್ನಾಗಿ ಮಾಡಿ ಅಂತ ನಿಮಗೆ ಯಾರು ರೀ ಹೇಳಿದ್ದು?" ತಮ್ಮ ಕಿರುಚಿದ. ಮರುಕ್ಷಣವೇ ಅಕ್ಕನ ಕಡೆ ತಿರುಗಿದ. "ಅಕ್ಕಾ, ಅವತ್ತು ಅಮ್ಮ ಎಲ್ಲಿ ಕೂತಿದ್ದಳು?"

"ನನ್ನನ್ನ ಕೇಳ್ತೀಯಲ್ಲೋ," ಎಂದಳು ಅಕ್ಕ. "ನಾನು ಮನೇಲಿದ್ದೆ. ಕಾರಲ್ಲಿ ಇದ್ದಿದ್ದು ನೀನು."

ಇದ್ದಿದ್ದು ನಿಜ. ಡ್ರೈವರ್ ಸೀಟಿನ ಹಿಂದೆ ಕೂತು ನಿದ್ದೆ ಹೋಗಿದ್ದ. ಎಚ್ಚರವಾದಾಗ ಹುಲ್ಲಿನ ಮೇಲಿದ್ದ, ಯಾರೋ ಹೆಸರು ಕೇಳುತ್ತಿದ್ದರು. ಈಗ ಕಣ್ಣು ಮುಚ್ಚಿ ಆ ನಿದ್ದೆಯೊಳಗೆ ತಡಕಾಡಿದ. ಅಪ್ಪನ ಹಿಂದೆ ಕೂತರೆ ಮಂಡಿ ಸೀಟಿಗೆ ಒತ್ತುತ್ತಿತ್ತು, ಅದು ಗೊತ್ತು. ಅವತ್ತು ಒತ್ತುತ್ತಿತ್ತೆ? ಕಾಲು ಚಾಚಿಕೊಂಡಿದ್ದಂತೆ ಅನ್ನಿಸಿತು. ಇಲ್ಲ, ಮಡಚಿಕೊಂಡಿದ್ದ. ಎರಡೂ ನಿಜದ ಹಾಗೇ ಇದ್ದವು.

"ಯೋಚನೆ ಮಾಡ್ಬೇಡಿ, ಎಲ್ಲಿತ್ತೋ ಅಲ್ಲೇ ಕೂರಿಸಿಬಿಡೋಣ." ಭೂತಗನ್ನಡಿ ತೆಳು ಬ್ಲೇಡಿನಿಂದ ಸೀಟನ್ನು ಮೀಟಿ ತೆಗೆದರು, ಹೊಸ ಮೊಳೆಗಳನ್ನು ಕತ್ತರಿಸಿ ಹಾಕಿದರು, ಕಾರಿನ ನೆಲಕ್ಕೆ ಅಂಟು ಸವರಿದರು. ಸೀಟನ್ನು ಚಿಮಟದಲ್ಲಿ ಹಿಡಿದು ತಮ್ಮನ ಕೈಗೆ ಕೊಟ್ಟರು. "ಎಷ್ಟು ಮುಂದೆ ಅಂತ ನನಗೂ ಸರಿಯಾಗಿ ನೆನಪಿಲ್ಲ. ನೀವೇ ಇಡಿ. ಬೇಗ, ಅಂಟು ಒಣಗತ್ತೆ."

ಅಕ್ಕ ಬಗ್ಗಿ ನೋಡುತ್ತಿದ್ದಳು. ಚಿಮಟದ ತುದಿಯಲ್ಲಿ ಉಗುರಿನಷ್ಟು ಸೀಟು ಸ್ಟೀರಿಂಗಿನವರೆಗೆ ಹೋಯಿತು, ಹಿಂದಕ್ಕೆ ಬಂತು, ಮತ್ತೆ ಮುಂದೆ ಹೋಯಿತು.