ಕಲ್ಲಿನಾಥನ ಮಶೀನು

“ಈ ಆಟ ನಿಮ್ಮ ಮಗನ ಮಶೀನದಾಗ ಓಡಂಗಿಲ್ರಿ ಕಾಕಾ,” ಎಂದ ಹುಮನಾಬಾದಿನ ವಿಡಿಯೋ ಗೇಮ್ ಅಂಗಡಿಯ ಧನರಾಜ. “ಹಿಂದಿನ ಭಾಗ ಎಲ್ಲಾದ್ರಾಗೂ ಓಡ್ತಿತ್ತು. ಈ ಸಲ ಕಂಪನಿಯವರು ಕರಾರು ಮಾಡ್ಕೊಂಡು ಬ್ಯಾರೆ ಮಶೀನಿಗಷ್ಟೇ ಬಿಟ್ಟಾರ.”

ಕುರಿ ಕಾಯುವ ಮಡೆಪ್ಪ ಡಿಸ್ಕಿನ ಡಬ್ಬಿಯನ್ನು ಕೆಳಗಿಡಲಿಲ್ಲ. ಅದರ ಮೇಲೆ ಬಂದೂಕು ಹಿಡಿದು ನಿಂತಿದ್ದ ಸೈನಿಕನ ಮುಖವನ್ನು ಟವೆಲಿನ ತುದಿಯಿಂದ ಒರೆಸಿದ.

“ಇದು ಯಾವಾಗ ಬರ್ತದಂತ ಕಲ್ಲಿನಾಥ ದಿನಾ ಕೇಳ್ತಿದ್ದ, ತಮ್ಮಾ.”

“ಹಂಗಿದ್ರ ಅವನ ಹಳೇ ಮಶೀನ್ ತರ್ರಿ. ಬದಲಿ ಮಾಡಿ ಕೊಡ್ತೀನಿ.”

ಒರೆಸುತ್ತಿದ್ದ ಕೈ ನಿಂತಿತು.

“ನಾಳಿ ಅವನ ಸಮಾಧಿಗೆ ಎಡಿ ಇಡೂದದ. ಹೋಳಗಿ ಜೋಡಿ ಇದನ್ನೂ ಇಡಬೇಕಂತ ಬಂದೆ. ಮಶೀನ್ ಎಲ್ಲಿಂದ ತರ್ಲಿ? ಅದನ್ನ ಅವನ ಬಗಲಾಗೇ ಇಟ್ಟು ಮಣ್ಣು ಮಾಡೇವಿ.”